ಒಂದೇ ಸಲ ಕೇಳುವ ಇಂಗ್ಲಿಷು

ಕೋಠಿ ಬಜಾರಿನ ಫುಟ್‌ಪಾತಿನಲ್ಲಿ ಹಳೇ ಪುಸ್ತಕಗಳ ಮುಗ್ಗಲು ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನಗೆ ಮೊದಲು ಬರುವುದು ಸಿಟ್ಟು, ಆಮೇಲೆ ನೆನಪು. ಅದೇ ವಾಸನೆಯ, ಬೆನ್ನು ಹರಿದ ಇಂಗ್ಲಿಷ್ ಸಂಭಾಷಣೆಯ ಪುಸ್ತಕವೊಂದನ್ನು ಅಪ್ಪನ ತಮ್ಮ, ನಮ್ಮ ಕಾಕಾ, ಅಲ್ಲಿಂದ ತಂದಿದ್ದರು. ಅಪ್ಪ ತೀರಿಕೊಂಡ ಮೇಲೆ ಅವ್ವ ಮತ್ತು ನಾನು ಅವರ ಮನೆಯಲ್ಲಿದ್ದೆವು. ಹೆಡ್ ಕ್ಲರ್ಕ್ ಆಗಿದ್ದ ಕಾಕಾರಿಗೆ ತಮ್ಮ ಇಂಗ್ಲಿಷಿನ ಬಗ್ಗೆ ಇದ್ದ ಜಂಬ ಇಡೀ ಓಣಿಗೆ ಸಾಲುವಷ್ಟಿತ್ತು. ನಾವು ಮಲಗುತ್ತಿದ್ದುದು ಅಡುಗೆಮನೆಯ ಮೂಲೆಯಲ್ಲಿ, ಜೋಳದ ಹಿಟ್ಟಿನ ಡಬ್ಬಿಗಳ ನಡುವೆ. ಅಷ್ಟರಲ್ಲಿ ಸಿಕಂದರಾಬಾದಿನ ಹುಡುಗಿಯರ ಹಾಸ್ಟೆಲೊಂದಕ್ಕೆ ವಾರ್ಡನ್ ಬೇಕಂತೆ ಎಂಬ ಸುದ್ದಿ ಬಂತು. ಕೆಲಸದ ಜೊತೆಗೆ ನಮ್ಮದೇ ಒಂದು ಕೋಣೆ, ಒಳಗಿನಿಂದ ಹಾಕಿಕೊಳ್ಳುವ ಚಿಲಕ. ಅವ್ವ ಆ ಚಿಲಕದ ಮಾತನ್ನೇ ದಿನಕ್ಕೆ ಹತ್ತು ಸಲ ಆಡುತ್ತಿದ್ದಳು. ಸಂದರ್ಶನ ಇಂಗ್ಲಿಷಿನಲ್ಲಿತ್ತು.

ಅವ್ವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ ಅಂತಲ್ಲ. ನನ್ನ ಗೆಳತಿಯರು ಬಂದರೆ "ಈಟ್ ಮಾ, ಈಟ್, ಒನ್ ಮೋರ್, ಆಂಟಿ ಟೆಲ್ಲಿಂಗ್" ಎನ್ನುತ್ತ ಬಿಸಿ ರೊಟ್ಟಿ ತಟ್ಟೆಗೆ ಹಾಕಿಯೇಬಿಡುತ್ತಿದ್ದಳು. ನಿಮ್ಮ ಮನೆಯಲ್ಲೂ ಹೀಗೇ ಇದ್ದಿರಬೇಕು: ಉಣ್ಣುವವರು ಬೇಡ ಬೇಡ ಅನ್ನುವುದು, ಬಡಿಸುವವರು ಮೂರು ಸಲ ಒತ್ತಾಯ ಮಾಡುವುದು. ಸಂದರ್ಶನಕ್ಕೆ ತಯಾರು ಮಾಡಲು ಕೂತ ಕಾಕಾ ಇದನ್ನು ಕಂಡರೆ ಪುಸ್ತಕ ಕುಕ್ಕುತ್ತಿದ್ದರು. "ಇಂಗ್ಲಿಷಿನ್ಯಾಗ ಒಂದ್ಸಲಾನ ಕೇಳ್ಬೇಕ್ರಿ ವೈನಿ. ಬ್ಯಾಡ ಅಂದ್ರ ಸುಮ್ನಾಗ್ಬೇಕು. ಗಂಟು ಬಿದ್ರ ಜಂಗ್ಲಿ ಅಂತಾರ." ಹತ್ತು ವರ್ಷದ ನಾನು ಅತಿಥಿಯ ಪಾತ್ರ ಮಾಡುತ್ತಿದ್ದೆ. ನಾನು "ನೋ, ಥ್ಯಾಂಕ್ಯೂ" ಎಂದೊಡನೆ ಅವ್ವ ಸೌಟು ಹಿಂದೆಗೆಯಬೇಕು. ಮರೆತು ಮತ್ತೆ ಮುಂದೆ ಚಾಚಿದರೆ ನಾನೂ ಕಾಕಾನೂ ಸೇರಿ ನಗುತ್ತಿದ್ದೆವು. ಆ ನಗುವಿಗಾಗಿ ನನ್ನನ್ನು ನಾನಿನ್ನೂ ಕ್ಷಮಿಸಿಲ್ಲ. ಒಂದು ತಿಂಗಳಲ್ಲಿ ಅವ್ವ ಪೂರ್ತಿ ಕಲಿತಳು.

ಹಾಸ್ಟೆಲಿನ ಮೇಡಂ ಅವಳಿಗೆ ಒಂದೇ ಪರೀಕ್ಷೆ ಕೊಟ್ಟರು. ಹೊಸ ಹುಡುಗಿ, ಮನೆ ನೆನಪಾಗಿ ತಟ್ಟೆ ದೂಡಿದ್ದಾಳೆ. ತಮ್ಮನ್ನೇ ಆ ಹುಡುಗಿ ಅಂದುಕೊಂಡು ಮಾತಾಡಿಸಿ ಎಂದರು. ಅವ್ವ ಬೆನ್ನು ನೆಟ್ಟಗೆ ಮಾಡಿ "ವುಡ್ ಯು ಲೈಕ್ ಸಮ್ ಮೋರ್?" ಎಂದಳು. ಮೇಡಂ "ನೋ" ಎಂದರು. ಅವ್ವನ ಕೈ ಮಡಿಲಿನಿಂದ ಮೇಲೆದ್ದದ್ದನ್ನು ಬಾಗಿಲ ಬಳಿ ಕೂತಿದ್ದ ನಾನು ನೋಡಿದೆ. ಅದು ಅರ್ಧಕ್ಕೇ ನಿಂತು ಕೆಳಗಿಳಿಯಿತು. "ಆಲ್ ರೈಟ್. ಆಸ್ ಯು ವಿಶ್." ಒಂದು ತಪ್ಪೂ ಇರಲಿಲ್ಲ. ಮೇಡಂ ಇನ್ನೊಂದು ಮಾತಿಗೆ ಕಾದರು. ಆಮೇಲೆ, ನಿಮ್ಮ ಇಂಗ್ಲಿಷ್ ಚೆನ್ನಾಗಿದೆ, ಆದರೆ ನನ್ನ ಹುಡುಗಿಯರು ಹಸಿದು ಮಲಗಬೇಕಾಗುತ್ತದೆ ಎಂದು ಹಿಂದಿಯಲ್ಲಿ ಹೇಳಿ ನಮ್ಮನ್ನು ಕಳಿಸಿದರು.

"ಉಚ್ಚಾರ ಕೈ ಕೊಟ್ಟಿರ್ಬೇಕು ಬಿಡ್ರಿ," ಎಂದರು ಕಾಕಾ, ಊಟಕ್ಕೆ ಕೂರುತ್ತ. ಅವ್ವ ರೊಟ್ಟಿ ಬಡಿಸಿದಳು. ಮೊದಲ ರೊಟ್ಟಿ ಮುಗಿದಾಗ "ಇನ್ನೊಂದ್ ಹಾಕ್ಲೇನು?" ಎಂದಳು. ಕಾಕಾ ರೂಢಿಯಂತೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು "ಸಾಕ್ರಿ ವೈನಿ" ಎಂದರು. ಅವ್ವ ಬುಟ್ಟಿ ಎತ್ತಿಕೊಂಡು ಮುಂದೆ ಹೋದಳು. ಅಡ್ಡ ಹಿಡಿದ ಕೈ ಅಲ್ಲೇ ಉಳಿಯಿತು. ತಕ್ಕ ಶಾಸ್ತಿಯಾಯಿತೆಂದು ನನಗೆ ಖುಷಿಯಾಯಿತು. ಆಮೇಲೆ ನನ್ನ ಸರದಿ. ನಾನೂ ರೂಢಿಯಂತೆ "ಸಾಕವ್ವಾ" ಅಂದೆ.

ಆ ಮನೆ ಈಗಿಲ್ಲ, ಅಲ್ಲಿ ಔಷಧದ ಅಂಗಡಿಗಳಿವೆ. ಕಾಕಾ ತೀರಿಹೋದಾಗ ನಾನು ಅಳಲಿಲ್ಲ. ಅವ್ವ ಅಲ್ಲೇ, ಆ ಡಬ್ಬಿಗಳ ನಡುವೆಯೇ ಮುದುಕಿಯಾದಳು. ಅಷ್ಟೂ ವರ್ಷ ನನಗೆ ಬಡಿಸಿದಳು, ಎರಡನೇ ಸಲ ಕೇಳಲಿಲ್ಲ. ಮೊದಲನೇ ಸಲಕ್ಕೇ ಹೂಂ ಅನ್ನುವುದನ್ನು ನಾನು ಕಲಿಯಲಿಲ್ಲ.