ಗುಮಾಸ್ತರ ಬೆನ್ನು

ಎಂಬತ್ತರ ದಶಕದಲ್ಲಿ, ಅಪ್ಪನ ಕಸುಬಿಗಿಂತ ಮಗ ಎಷ್ಟು ಮೇಲೇರಿದ್ದಾನೆಂದು ತಿಳಿಯುವ ಸಂಶೋಧನೆಯೊಂದಕ್ಕಾಗಿ ನಾನು ಆರ್‌.ಟಿ. ನಗರದ ಮನೆಮನೆ ಸುತ್ತುತ್ತಿದ್ದೆ. ಒಂದು ವಠಾರದ ಕೊನೆಯ ಮನೆಯಲ್ಲಿ ಒಬ್ಬ ಗುಮಾಸ್ತರು ಬಾಡಿಗೆಗಿದ್ದರು. ಬೇಸಿಗೆಯಲ್ಲೂ ಕೊರಳಿನ ಗುಂಡಿ ಹಾಕಿಕೊಂಡಿರುತ್ತಿದ್ದರು. ಹೋದಾಗಲೆಲ್ಲ, ನಾನು ಬಾಯಿ ತೆರೆಯುವ ಮೊದಲೇ ಎದ್ದು ಕಿಟಕಿ ಮುಚ್ಚಿ, "ಸ್ವಲ್ಪ ಮೆಲ್ಲಗೆ ಕಣ್ರೀ" ಎನ್ನುತ್ತಿದ್ದರು. ಮಕ್ಕಳ ಶಾಲೆಯ ವಿಷಯ ಕೇಳಿದರೂ ಅದೇ ಮಾತು.

ಕೊನೆಗೊಂದು ದಿನ ಕೇಳಿದೆ: "ನಿಮ್ಮ ತಂದೆ ಏನ್ ಮಾಡ್ತಿದ್ರು ಸಾರ್?"

ಅವರು ಗೋಡೆಯ ಕಡೆ ನೋಡಿದರು. ಅದರಾಚೆ ಮನೆಯ ಮಾಲೀಕರು ಕೆಮ್ಮುತ್ತಿದ್ದರು.

"ಯಶವಂತಪುರದಲ್ಲಿ ಹಮಾಲಿ. ಓದೋವಾಗ ನಾನೂ ಮೂಟೆ ಹೊತ್ತಿದೀನಿ. ಇವರಿಗೆ ಗೊತ್ತಾದ್ರೆ ಮನೆ ಖಾಲಿ ಮಾಡಿಸ್ತಾರೆ. ಮೆಲ್ಲಗೆ ಕಣ್ರೀ."

ನಾನು ಹೊರಡುವಾಗ ಮಾಲೀಕರ ಹೊಲದ ರಾಗಿ ಗಾಡಿಯಲ್ಲಿ ಬಂದು ನಿಂತಿತ್ತು. ಮೂಟೆಯೊಂದು ಜಾರಿ ಮಾಲೀಕರ ಮೇಲೆ ಬೀಳುವುದರಲ್ಲಿತ್ತು. ನನ್ನನ್ನು ಕಳಿಸಲು ಬಂದಿದ್ದ ಗುಮಾಸ್ತರು ಓಡಿಹೋಗಿ ಬೆನ್ನು ಕೊಟ್ಟರು. ಒಂದು ಕೈ ತಲೆಯ ಹಿಂದೆ ಮೂಟೆಯ ತುದಿ ಹಿಡಿಯಿತು, ಇನ್ನೊಂದು ತಾನಾಗಿ ಸೊಂಟಕ್ಕೆ ಹೋಯಿತು. ಮೂಟೆ ಅಲುಗದೆ ಕೂತಿತು.

"ಏನ್ ಸಾಮಿ, ಇಂಗೆ ಹೊರೋದು ಎಲ್ಲಿ ಕಲ್ತ್ರಿ?" ಮಾಲೀಕರು ನಗುತ್ತಾ ಕೇಳಿದರು.

ಗುಮಾಸ್ತರ ಮುಖ ಬಿಳಿಚಿಕೊಂಡಿತು. ಗಟ್ಟಿಯಾಗಿ ನಿಂತಿದ್ದ ಮೊಣಕಾಲುಗಳನ್ನು ಅವರು ಬೇಕೆಂದೇ ಮಡಿಸಿದ್ದನ್ನು ನಾನು ಕಂಡೆ. ಮೂಟೆ ಬಿದ್ದು ಒಡೆದು ರಾಗಿಯೆಲ್ಲ ಅಂಗಳಕ್ಕೆ ಚೆಲ್ಲಿತು. ಅವರು ಸೊಂಟ ಹಿಡಿದುಕೊಂಡು, ಇಡೀ ವಠಾರಕ್ಕೆ ಕೇಳುವಂತೆ ಕೂಗಿದರು:

"ಅಭ್ಯಾಸ ಇಲ್ಲ ಕಣ್ರೀ!"