ಹೆಸರಿಗೆ ಬಾಲ ಹಚ್ಚುತ್ತಿದ್ದವನು

ನನ್ನ ಗಂಡ ಸೆಯ್ದೊ ಹಳ್ಳದ ಗಿರಣಿಯಲ್ಲಿ ಗೋಧಿ ಬೀಸುತ್ತಿದ್ದ. ಹಿಟ್ಟಿಗೆ ಕಾಯುತ್ತ ಕೂತ ಮಕ್ಕಳಿಗೆ ನಮ್ಮ ಕುರ್ದಿ ಮಾತು ಬರೆಯಲು ಕಲಿಸುತ್ತಿದ್ದ. ಶಾಲೆಯಲ್ಲಿ ಅದು ಇರಲಿಲ್ಲ. ಹಲಗೆಯೂ ಇರಲಿಲ್ಲ. ಹಿಟ್ಟು ಹರಡಿ ಬೆರಳಿನಲ್ಲಿ ಬರೆಯುತ್ತಿದ್ದ. ಪಾಠಕ್ಕೆ ಖಜಾಲ್ ಎಂಬ ನಾನೂ ನಮ್ಮ ಮಗ ಸೀಪಾನನೂ ಬೇಕು ಅವನಿಗೆ. ಹೆಸರಿನ ಕೊನೆಗೆ ಸೇರುವ ಸ್ವರವನ್ನು ಬಾಲ ಎನ್ನುತ್ತಿದ್ದ.

"ಖಜಾಲ್ ಸೀಪಾನಿ ಬೈತಾಳೆ. ಬಾಲ ಯಾರಿಗೆ? ಬೈಸಿಕೊಳ್ಳೋನಿಗೆ. ಈಗ ಬೈದಾಯ್ತು ಅಂದ್ಕೊಳ್ಳಿ. ಖಜಾಲೆ ಸೀಪಾನ್ ಬೈದಳು. ಮುಗಿದ ಕೆಲಸದಲ್ಲಿ ಬಾಲ ಮಾಡಿದವರಿಗೇ."

"ದಿನಾ ಬೈದ್ರೆ ಬಾಲ ಉದ್ದ ಆಗುತ್ತಾ ಮಾಮಾ?" ಎಂದಳು ಒಂದು ಹುಡುಗಿ. ಅವನು ನಕ್ಕು ನಕ್ಕು ಕೆಮ್ಮಿದ. ನಾನು ಅವನಿಗೂ ಬೈದೆ.

ಈ ಸುಗ್ಗಿಯಲ್ಲಿ ಗಿರಣಿಯ ಸರದಿಗೆ ಜಗಳವಾಯಿತು. ಬಿಡಿಸಲು ಹೋದ ಸೆಯ್ದೊಗೆ, ಜಗಳಕ್ಕೆ ನಿಂತಿದ್ದ ಮಿಸ್ತೊನ ಗುಂಡು ಬಡಿಯಿತು. ನನ್ನ ಬಿಳಿ ತಲೆವಸ್ತ್ರ ಬಿಚ್ಚಿ ಅವನ ಚಟ್ಟಕ್ಕೆ ಕಟ್ಟಿದೆ. ಅದು ಅವನೊಂದಿಗೆ ಮಣ್ಣಿಗೆ ಹೋಯಿತು. ತಲೆಗೆ ವಿಧವೆಯ ಕಪ್ಪು ವಸ್ತ್ರ ಬಂತು.

ಮೈದುನ ಎವ್ದಾಲ್ ಬಂದೂಕು ತಂದು ಸೀಪಾನನ ತೊಡೆಯ ಮೇಲಿಟ್ಟ.

"ಅಪ್ಪನ ರಕ್ತ ಇನ್ನೂ ಹಸಿ ಇದೆ. ಚಹಾ ಹೀರ್ತಾ ಕೂತಿದ್ದೀಯಲ್ಲೋ, ಮದುಮಗನ ಹಾಗೆ!"

ಸೀಪಾನ್ ಎದ್ದ. ನಮ್ಮಲ್ಲಿ ಹೆಂಗಸು ತನ್ನ ಬಿಳಿ ವಸ್ತ್ರ ನೆಲಕ್ಕೆಸೆದರೆ ಯಾವ ಗಂಡಸೂ ಅದನ್ನು ದಾಟುವುದಿಲ್ಲ. ನಾನು ತಲೆಗೆ ಕೈ ಹಾಕಿದೆ. ಇದ್ದದ್ದು ಕಪ್ಪು. ಅದನ್ನೇ ಎಸೆದೆ.

"ಕಪ್ಪು ಲೆಕ್ಕಕ್ಕಿಲ್ಲ ಅತ್ತಿಗೆ," ಎಂದ ಎವ್ದಾಲ್. ದಾಟಿ ಹೊರಗೆ ಹೋದ.

ನಾನು ಬರಿದಲೆಯಲ್ಲೇ ಹೊಸ್ತಿಲಿಗೆ ಅಡ್ಡ ಮಲಗಿದೆ.

"ಏಳವ್ವಾ. ತಲೆ ಮುಚ್ಕೋ, ಜನ ನೋಡ್ತಾರೆ."

"ತುಳ್ಕೊಂಡು ಹೋಗು. ಕೊಲ್ತೀನಿ ಅಂತ ಎಷ್ಟು ಸಲ ಬೇಕಾದ್ರೂ ಅನ್ನು, ಬಾಲ ಮಿಸ್ತೊಗೆ. ಕೊಂದ ಮೇಲೆ ನಿನ್ನ ಹೆಸರಿಗೆ. ನಿಮ್ಮಪ್ಪ ಕಲಿಸಿದ್ದು ಮರ್ತ್ಯಾ?"

"ಅಪ್ಪ ಕಲಿಸಿದ್ದು ಹಿಟ್ಟಿನ ಮೇಲೆ. ಊದಿದ್ರೆ ಹೋಗುತ್ತೆ."

ಅವನ ಕಾಲು ನನ್ನ ಹೊಟ್ಟೆಯ ಮೇಲೆ ಎದ್ದು ನಿಂತಿತು. ಬೂಟಿನ ಮಣ್ಣು ನನ್ನ ಮೇಲೆ ಉದುರಿತು. ಆಮೇಲೆ ಕಾಲು ಹಿಂದಕ್ಕೆ ಹೋಯಿತು. ಬಂದೂಕು ಮಾತ್ರ ಕೈಯಲ್ಲೇ ಉಳಿಯಿತು.

ಓರಗಿತ್ತಿಯರನ್ನು ಒಂದು ಬಿಳಿ ವಸ್ತ್ರ ಕೇಳಿದೆ. ಎಲ್ಲರೂ ಎವ್ದಾಲನಿಗೆ ಹೆದರುತ್ತಾರೆ. ಯಾರೂ ಕೊಡಲಿಲ್ಲ. ಅಂದಿನಿಂದ ಹೊಸ್ತಿಲ ಮೇಲೇ ಮಲಗುತ್ತೇನೆ, ಅಲ್ಲೇ ಉಣ್ಣುತ್ತೇನೆ. ಸೀಪಾನ್ ನನ್ನ ಜೊತೆ ಮಾತಾಡುವುದಿಲ್ಲ.

ಇವತ್ತು ಅವನು ಹಿಂದಿನ ಕಿಟಕಿಯ ಸರಳು ಅಲ್ಲಾಡಿಸಿ ನೋಡುತ್ತಿದ್ದ. ಒಂದು ಸಡಿಲವಾಗಿದೆ. ನಾನು ಇರುವುದು ಒಬ್ಬಳೇ. ಎರಡು ಕಡೆ ಹೇಗೆ ಮಲಗಲಿ?