ಬೂಸ್ಟರಿನ ನಾಲ್ಕನೇ ಪಾಯಿಂಟು

ಗುಂಯ್ — ನಮ್ಮ ಕುಕ್ ಟೌನ್ ಮನೆಯ ಪ್ಯಾಸೇಜಿನಲ್ಲಿದ್ದ ಬೂಸ್ಟರಿನ ಆ ಶಬ್ದ ಈಗಲೂ ಕಿವಿಯಲ್ಲಿದೆ. ಮುನಿರಾಜು, ನಿಮ್ಮ ಬಲ್ಬುಗಳನ್ನು ಸುಟ್ಟವಳು ನಾನು. ಸುಟ್ಟದ್ದು ತಿಳಿಯದೆ, ಬಾಯಿ ಮುಚ್ಚಿಕೊಂಡದ್ದು ಮಾತ್ರ ತಿಳಿದೇ.

ತೊಂಬತ್ತರ ದಶಕದಲ್ಲಿ ಸಂಜೆಯಾದರೆ ವೋಲ್ಟೇಜ್ ಬೀಳುತ್ತಿತ್ತು. ಅದನ್ನು ಏರಿಸಲು ಇಡೀ ಮನೆಯ ಲೈನಿಗೆ ಬೂಸ್ಟರ್ ಹಾಕಿಸಿದ್ದೆವು. ದೀಪ ಹಚ್ಚುವ ಹೊತ್ತಿಗೆ ಅದರ ನಾಬನ್ನು ನಾಲ್ಕನೇ ಪಾಯಿಂಟಿಗೆ ತಿರುಗಿಸುವುದು, ಬೆಳಿಗ್ಗೆ ಸೊನ್ನೆಗೆ ತರುವುದು ನನ್ನ ಕೆಲಸ. ಮುಂದೆ ರಸ್ತೆಗೆ ಹೊಸ ಟ್ರಾನ್ಸ್‌ಫಾರ್ಮರ್ ಬಂತು, ಸಂಜೆಯ ಕರೆಂಟೂ ಸರಿಹೋಯಿತು. ಕೈ ಮಾತ್ರ ಅಭ್ಯಾಸ ಬಿಡಲಿಲ್ಲ. ಕಾನ್ವೆಂಟಿನಲ್ಲಿ ಮೂವತ್ತು ವರ್ಷ ಫಿಸಿಕ್ಸ್ ಕಲಿಸಿದ ಕೈ!

ನೀವು ಕೆ.ಆರ್. ಪುರದಿಂದ ಬಸ್ಸಿನಲ್ಲಿ ಬರುತ್ತಿದ್ದ ಎಲೆಕ್ಟ್ರಿಷಿಯನ್. ಎಲ್ಇಡಿ ಬಲ್ಬನ್ನು ನಮ್ಮಲ್ಲಿ ಯಾರೂ ನೋಡಿರದ ಕಾಲದಲ್ಲಿ ಬಿಡಿಭಾಗ ತಂದು ಕೈಯಾರೆ ಕಟ್ಟುತ್ತಿದ್ದಿರಿ. ಬೆಸುಗೆಯ ಒಂದೊಂದು ಚುಕ್ಕೆಯೂ ಸಾಸಿವೆಯಷ್ಟು, ಒಂದೇ ಅಳತೆ — ಸೋ ನೀಟ್! ನಮ್ಮ ಲೇಡೀಸ್ ಕ್ಲಬ್ಬಿನ ಹಾಲಿಗೆಲ್ಲ ಇವರದೇ ಬಲ್ಬು ಹಾಕಿಸೋಣ, ಮೊದಲು ನನ್ನ ಮನೆಯಲ್ಲಿ ಟ್ರಯಲ್ ಎಂದವಳೂ ನಾನೇ. ಆ ಕೆಲಸ ಸಿಕ್ಕರೆ ಹೆಸರಿನ ಬೋರ್ಡ್ ಹಾಕಿ ಅಂಗಡಿ ತೆರೆಯುವ ಆಸೆ ನಿಮಗಿತ್ತು.

ಎರಡೇ ತಿಂಗಳಿಗೆ ನೀವು ಹಾಕಿದ ಮೂರೂ ಬಲ್ಬು ಹೋದವು. ಬದಲಿಸಿದಿರಿ, ಅವೂ ಹೋದವು. ಹಗಲು ಹೊತ್ತು ಬಂದು ಮೀಟರ್ ಇಟ್ಟು ನೋಡಿದಿರಿ — ಎಲ್ಲ ಸರಿಯಿತ್ತು. ಸತ್ತ ಬಲ್ಬನ್ನು ಬಿಚ್ಚಿ ತೋರಿಸಿದಿರಿ.

"ನೋಡಿ ಮೇಡಂ, ಈ ಕೆಪಾಸಿಟರ್ ಹೊಟ್ಟೆ ಉಬ್ಬಿದೆ. ವೋಲ್ಟೇಜ್ ಜಾಸ್ತಿಯಾದ್ರೆ ಇದು ಹಳೇ ಬಲ್ಬ್ ಥರ ಜೋರಾಗಿ ಉರಿಯಲ್ಲ, ಸುಮ್ನೆ ಒಳಗೊಳಗೇ ಬೇಯುತ್ತೆ. ಎಲ್ಲಿಂದ ಬರ್ತಿದೆ ಅಂತಾನೇ ಗೊತ್ತಾಗ್ತಿಲ್ಲ."

ಕ್ಲಬ್ಬಿನ ಕಮಿಟಿಯಲ್ಲಿ ಎದ್ದು ನಿಂತು, "ಚೀಪ್ ಸ್ಟಫ್ ರೀ, ನಮಗೆ ಬೇಡ" ಎಂದೆ. ಆರ್ಡರ್ ಬೇರೆಯವರಿಗೆ ಹೋಯಿತು. ಅದೇ ಸಂಜೆ ನಾಬಿನ ಮೇಲೆ ಕೈಯಿಟ್ಟಾಗ — ಗುಂಯ್ — ಒಮ್ಮೆಲೇ ಹೊಳೆಯಿತು. ಫೋನ್ ಪಕ್ಕದಲ್ಲೇ ಇತ್ತು. ಕ್ಲಬ್ಬಿನ ಅಧ್ಯಕ್ಷೆ ನನ್ನ ಹಳೆಯ ಸ್ಟೂಡೆಂಟ್. ತಪ್ಪು ನನ್ನದೇ ಎಂದು ಅವಳಿಗೆ ನಾನು ಹೇಗೆ — ಇಲ್ಲ, ಫೋನ್ ಮಾಡಲಿಲ್ಲ.

ಮರುವಾರ ನೀವಾಗಿಯೇ ಬಂದಿರಿ, ಈ ಸಲ ಸಂಜೆ. ಶಬ್ದ ಕೇಳಿದಿರಿ. ಮೀಟರ್ ಇಟ್ಟಿರಿ: ಇನ್ನೂರ ಮೂವತ್ತರಲ್ಲಿರಬೇಕಾದ ಮುಳ್ಳು ಇನ್ನೂರ ಎಂಬತ್ತರಲ್ಲಿ. ನಾಬ್ ನೋಡಿದಿರಿ, ನನ್ನ ಮುಖವನ್ನೂ. ನಾಬನ್ನು ಸೊನ್ನೆಗೆ ತಿರುಗಿಸಿ, ಚೀಲದಿಂದ ಹೊಸ ಬಲ್ಬು ತೆಗೆದು ಹಾಕಿದಿರಿ.

"ಇನ್ನು ಬಾಳಿಕೆ ಬರುತ್ತೆ ಮೇಡಂ."

ಕ್ಲಬ್ಬಿಗೆ ಹೋಗಿ ನೀವು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಅಂಥ ಇನ್ನೊಬ್ಬ ಜೆಂಟಲ್‌ಮನ್ನನ್ನು ನಾನು ಕಂಡಿಲ್ಲ.

ನಿಮ್ಮನ್ನು ಕೊನೆಯ ಬಾರಿ ಕಂಡದ್ದು ಶಿವಾಜಿನಗರದ ಬಸ್ ಸ್ಟ್ಯಾಂಡಿನಲ್ಲಿ. ಅದೇ ಟೂಲ್ಸ್ ಚೀಲ ತೊಡೆಯ ಮೇಲೆ, ಕೆ.ಆರ್. ಪುರದ ಬಸ್ಸು ಇನ್ನೇನು ಹೊರಡುವುದರಲ್ಲಿತ್ತು. ಕಿಟಕಿಯಿಂದ ಬಗ್ಗಿ ಕೇಳಿದಿರಿ:

"ಮೇಡಂ, ಬಲ್ಬ್ ಉರೀತಿದ್ಯಾ?"

"ಉರೀತಿದೆ, ಮುನಿರಾಜು" ಎಂದೆ. ಅಷ್ಟೇ ಎಂದೆ.